ಗೋಡೆಗೆ ಒಂದು ಹಲಗೆ, ಎದುರಿಗೆ ಕಡಲು: ನಿಂತು ಬರೆದ ವಿಕ್ಟರ್ ಹ್ಯೂಗೊ

ನಿಂತುಕೊಂಡು ಕೆಲಸ ಮಾಡಲು ಅನುಕೂಲವಾದ ಎತ್ತರದ ಮೇಜುಗಳು ಈಗ ನಗರದ ಪೀಠೋಪಕರಣ ಮಳಿಗೆಗಳ ಆಕರ್ಷಣೆಯಾಗಿವೆ. ಗುಂಡಿ ಒತ್ತಿದರೆ ಏರುವ, ಇನ್ನೊಮ್ಮೆ ಒತ್ತಿದರೆ ಇಳಿಯುವ ಇಂಥ ಮೇಜಿನ ಬೆಲೆ ಸಾಮಾನ್ಯ ನೌಕರನೊಬ್ಬನ ತಿಂಗಳ ಮನೆ ಬಾಡಿಗೆಯನ್ನೂ ಮೀರುವುದುಂಟು. ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ಬೆನ್ನು, ಕತ್ತು ನೋಯಿಸಿಕೊಂಡವರಲ್ಲಿ ಅನೇಕರು ಇದನ್ನು ಹೊಸ ಕಾಲದ ಆವಿಷ್ಕಾರವೆಂದೇ ತಿಳಿದಿದ್ದಾರೆ.

ವಾಸ್ತವ ಬೇರೆಯೇ ಇದೆ. 160 ವರ್ಷಗಳಷ್ಟು ಹಿಂದೆ, ಫ್ರಾನ್ಸ್ ಮತ್ತು ಇಂಗ್ಲೆಂಡ್ ನಡುವಿನ ಕಡಲಿನ ಪುಟ್ಟ ದ್ವೀಪವೊಂದರಲ್ಲಿ, ತಾಯ್ನಾಡನ್ನು ಕಳೆದುಕೊಂಡ ಲೇಖಕನೊಬ್ಬ ಮನೆಯ ಮಹಡಿಯ ತುದಿಯಲ್ಲಿ ಒಂದು ಮಡಚುವ ಹಲಗೆಯನ್ನು ಜೋಡಿಸಿಕೊಂಡ. ಪ್ರತಿದಿನ ಬೆಳಗ್ಗೆ ಅದರ ಮುಂದೆ ನಿಂತು ಬರೆದ. ಜಗತ್ತಿನ ಬಡವರ ಮಹಾಕಥೆಯಾದ ‘ಲೇ ಮಿಸೆರಾಬ್ಲ್’ ಕಾದಂಬರಿಯ ಕರ್ತೃ ವಿಕ್ಟರ್ ಹ್ಯೂಗೊನೇ ಆತ. ಆ ಹಲಗೆಯ ಮುಂದೆ ಆತ ನಿಂತದ್ದು ಏಕೆ ಎಂಬುದನ್ನು ಅರಿಯಲು ಆತನ ಬದುಕಿನ ಹಾದಿಯನ್ನು ಮೊದಲಿನಿಂದ ನೋಡಬೇಕು.

ಸೈನಿಕನ ಮಗ, ಕವಿಯಾದ

ಹ್ಯೂಗೊ ಜನಿಸಿದ್ದು 1802ರ ಫೆಬ್ರುವರಿ 26ರಂದು, ಪೂರ್ವ ಫ್ರಾನ್ಸಿನ ಬೆಸಾನ್ಸೋನ್ ಪಟ್ಟಣದಲ್ಲಿ. ತಂದೆ ನೆಪೋಲಿಯನ್ನನ ಸೈನ್ಯದಲ್ಲಿ ಅಧಿಕಾರಿ. ಮುಂದೆ ಜನರಲ್ ಪದವಿಗೇರಿದವನು. ತಾಯಿ ರಾಜಸತ್ತೆಯ ಪಕ್ಷಪಾತಿ. ತಂದೆಯ ಸೇನಾ ವರ್ಗಾವಣೆಗಳ ಬೆನ್ನು ಹತ್ತಿ ಬಾಲಕ ಹ್ಯೂಗೊ ಇಟಲಿ, ಸ್ಪೇನ್ ದೇಶಗಳನ್ನು ಕಂಡ. ಸ್ವಂತ ನೆಲೆಯೆಂಬುದಿಲ್ಲದ ಬಾಲ್ಯ ಅದು.

ಕಾವ್ಯ ಬೇಗನೆ ಒಲಿಯಿತು. 1822ರಲ್ಲಿ ಮೊದಲ ಕವನ ಸಂಕಲನ ಹೊರಬಂತು. ಅದಕ್ಕೆ ರಾಜರ ವೇತನವೂ ದೊರೆಯಿತು. ಅದೇ ವರ್ಷ ಬಾಲ್ಯದ ಗೆಳತಿ ಅಡೆಲ್ ಫೂಶೆಯೊಡನೆ ಮದುವೆಯಾಯಿತು. 1830ರಲ್ಲಿ ‘ಎರ್ನಾನಿ’ ನಾಟಕ ಪ್ಯಾರಿಸ್ಸಿನ ರಂಗಭೂಮಿಯಲ್ಲಿ ದೊಡ್ಡ ಗದ್ದಲವನ್ನೇ ಎಬ್ಬಿಸಿತು. ಮರುವರ್ಷ ಪ್ರಕಟವಾದ ‘ನೋತ್ರ್ ದಾಮ್ ದ ಪಾರಿ’ ಕಾದಂಬರಿ ಆತನನ್ನು ಯೂರೋಪಿನಾದ್ಯಂತ ಪ್ರಸಿದ್ಧನನ್ನಾಗಿಸಿತು. ಗೂನು ಬೆನ್ನಿನ ಗಂಟೆ ಬಾರಿಸುವವನ ಆ ಕಥೆಯನ್ನು ಇಂದಿಗೂ ಓದುಗರು ಮರೆತಿಲ್ಲ. 1841ರಲ್ಲಿ ಫ್ರೆಂಚ್ ಅಕಾಡೆಮಿಯ ಸದಸ್ಯತ್ವ, 1845ರಲ್ಲಿ ದೇಶದ ಮೇಲ್ಮನೆಯಲ್ಲಿ ಸ್ಥಾನ. ಹೊರನೋಟಕ್ಕೆ ಎಲ್ಲವೂ ಕೈಗೂಡಿದ ಬದುಕು.

ಆದರೆ 1843ರ ಸೆಪ್ಟೆಂಬರ್ 4ರಂದು ಆ ಬದುಕಿನ ಬುಡವೇ ಅಲುಗಿತು. ಹಿರಿಯ ಮಗಳು ಲಿಯೊಪೋಲ್ಡಿನ್‌ಗೆ ಆಗ 19 ವರ್ಷ. ಮದುವೆಯಾಗಿ ಏಳು ತಿಂಗಳಷ್ಟೇ ಕಳೆದಿತ್ತು. ವಿಲ್ಕಿಯೆ ಎಂಬಲ್ಲಿ ಸೇನ್ ನದಿಯಲ್ಲಿ ದೋಣಿ ಮಗುಚಿ ಆಕೆ ಮುಳುಗಿದಳು. ಉಳಿಸಲು ಹೋದ ಗಂಡನೂ ಮರಳಲಿಲ್ಲ. ಪ್ರವಾಸದಲ್ಲಿದ್ದ ಹ್ಯೂಗೊಗೆ ಸುದ್ದಿ ತಿಳಿದದ್ದು ಐದು ದಿನಗಳ ನಂತರ, ರೋಷ್‌ಫೋರ್ ಪಟ್ಟಣದಲ್ಲಿ ಕೈಗೆ ಸಿಕ್ಕ ಪತ್ರಿಕೆಯೊಂದರ ಮೂಲಕ. ಆ ಬಳಿಕ ಹಲವು ವರ್ಷ ಆತ ಹೊಸ ಕಾವ್ಯಕೃತಿಯನ್ನು ಪ್ರಕಟಿಸಲಿಲ್ಲ. 1845ರಲ್ಲಿ ಬಡವರನ್ನು ಕುರಿತ ಒಂದು ಕಾದಂಬರಿಯನ್ನು ಆರಂಭಿಸಿದನಾದರೂ 1848ರ ಕ್ರಾಂತಿ ಅದನ್ನು ಅರ್ಧಕ್ಕೇ ನಿಲ್ಲಿಸಿತು. ಹಸ್ತಪ್ರತಿ ಪೆಟ್ಟಿಗೆ ಸೇರಿತು.

ಮುದ್ರಣ ಕಾರ್ಮಿಕನ ವೇಷದಲ್ಲಿ

ಕ್ರಾಂತಿಯ ನಂತರ ಹ್ಯೂಗೊ ಜನಪ್ರತಿನಿಧಿ ಸಭೆಗೆ ಆಯ್ಕೆಯಾದ. ಬಡತನದ ನಿರ್ಮೂಲನ, ಉಚಿತ ಶಿಕ್ಷಣ, ಮರಣದಂಡನೆಯ ರದ್ದತಿ ಇವುಗಳ ಪರವಾಗಿ ಸದನದಲ್ಲಿ ವಾದಿಸಿದ. 1851ರ ಡಿಸೆಂಬರ್ 2ರಂದು ಅಧ್ಯಕ್ಷ ಲೂಯಿ ನೆಪೋಲಿಯನ್ ಸದನವನ್ನು ವಿಸರ್ಜಿಸಿ ಅಧಿಕಾರವನ್ನು ಕಬಳಿಸಿದಾಗ ಅದನ್ನು ವಿರೋಧಿಸಿ ಬೀದಿಗಿಳಿದವರಲ್ಲಿ ಹ್ಯೂಗೊ ಕೂಡ ಒಬ್ಬ. ಪ್ರತಿಭಟನೆ ಸೋತಿತು. ಡಿಸೆಂಬರ್ 11ರ ರಾತ್ರಿ ಮುದ್ರಣಾಲಯದ ಕಾರ್ಮಿಕನೊಬ್ಬನ ಹೆಸರಿನ ರಹದಾರಿ ಪತ್ರ ಹಿಡಿದು ಆತ ರೈಲಿನಲ್ಲಿ ಬ್ರಸೆಲ್ಸ್ ಸೇರಿದ. ಆತನ ಹಸ್ತಪ್ರತಿಗಳ ಪೆಟ್ಟಿಗೆಯನ್ನು ಹಿಂದಿನಿಂದ ಸುರಕ್ಷಿತವಾಗಿ ತಂದವಳು ದೀರ್ಘಕಾಲದ ಸಂಗಾತಿ, ಒಂದು ಕಾಲದ ನಟಿ ಜೂಲಿಯೆಟ್ ಡ್ರೂಯೆ.

1852ರ ಆಗಸ್ಟ್‌ನಲ್ಲಿ ಜರ್ಸಿ ದ್ವೀಪಕ್ಕೆ ಸ್ಥಳಾಂತರ. ಹೊಸ ಚಕ್ರವರ್ತಿಯನ್ನು ಕಟುವಾಗಿ ಟೀಕಿಸುವ ಪುಸ್ತಕಗಳು ಅಲ್ಲಿಂದ ಕಳ್ಳದಾರಿಯಲ್ಲಿ ಫ್ರಾನ್ಸಿಗೆ ಸಾಗಿದವು. 1855ರಲ್ಲಿ ದೇಶಭ್ರಷ್ಟರ ಪತ್ರಿಕೆಯೊಂದರ ಸಂಪಾದಕರನ್ನು ಜರ್ಸಿಯ ಆಡಳಿತ ಹೊರಗಟ್ಟಿದಾಗ ಹ್ಯೂಗೊ ಪ್ರತಿಭಟನಾ ಪತ್ರಕ್ಕೆ ಸಹಿ ಹಾಕಿದ. ಪರಿಣಾಮವಾಗಿ ಆತನನ್ನೂ ಹೊರಗಟ್ಟಲಾಯಿತು. 1855ರ ಅಕ್ಟೋಬರ್ 31ರಂದು ಕುಟುಂಬ ಪಕ್ಕದ ಗರ್ನ್ಸಿ ದ್ವೀಪಕ್ಕೆ ಬಂದಿಳಿಯಿತು. ಹ್ಯೂಗೊಗೆ ಆಗ 53 ವರ್ಷ. ನಾಲ್ಕು ವರ್ಷಗಳಲ್ಲಿ ಮೂರನೆಯ ನೆಲೆ ಅದು.

ಹಳೆಯ ಪೆಟ್ಟಿಗೆಗಳಿಂದ ಎದ್ದ ಮನೆ

1856ರ ಏಪ್ರಿಲ್‌ನಲ್ಲಿ ‘ಲೇ ಕೊಂತಾಂಪ್ಲಾಸಿಯೋನ್’ ಕವನ ಸಂಕಲನ ಪ್ರಕಟವಾಯಿತು. ಅಗಲಿದ ಮಗಳ ನೆನಪೇ ಆ ಸಂಕಲನದ ಜೀವಾಳ. ಅದರ ಮಾರಾಟದಿಂದ ಬಂದ ಹಣದಲ್ಲಿ ಹ್ಯೂಗೊ ಸೇಂಟ್ ಪೀಟರ್ ಪೋರ್ಟ್ ಪಟ್ಟಣದ ಏರುದಾರಿಯಲ್ಲಿದ್ದ ಓತ್‌ವಿಲ್ ಹೌಸ್ ಎಂಬ ಮನೆಯನ್ನು ಅದೇ ಮೇ ತಿಂಗಳಲ್ಲಿ ಕೊಂಡ. ಐವತ್ತು ದಾಟಿದ ಆ ಲೇಖಕನಿಗೆ ಸ್ವಂತದ್ದೆಂದು ದೊರೆತ ಮೊದಲ ಮನೆ ಅದು. ಖರೀದಿಯ ಹಿಂದೆ ಇನ್ನೊಂದು ಲೆಕ್ಕಾಚಾರವೂ ಇತ್ತು: ದ್ವೀಪದಲ್ಲಿ ಆಸ್ತಿ ಉಳ್ಳವನನ್ನು, ತೆರಿಗೆ ಕಟ್ಟುವವನನ್ನು ಹೊರಗಟ್ಟುವುದು ಅಷ್ಟು ಸುಲಭವಲ್ಲ.

ಮನೆಯನ್ನು ಆತ ಸಜ್ಜುಗೊಳಿಸಿದ ಬಗೆ ವಿಶಿಷ್ಟವಾದುದು. ಹೊಸ ಪೀಠೋಪಕರಣಗಳ ಮೋಹ ಆತನಿಗಿರಲಿಲ್ಲ. ದ್ವೀಪದಲ್ಲೆಲ್ಲ ಅಲೆದು ಹಳೆಯ ಓಕ್ ಮರದ ಪೆಟ್ಟಿಗೆಗಳು, ಮುರಿದ ಕಪಾಟುಗಳು, ಬಾಗಿಲುಗಳನ್ನು ಕೊಂಡು ತಂದ. ಅವನ್ನು ಬಿಚ್ಚಿ, ತನ್ನದೇ ನಕ್ಷೆಗಳಂತೆ ಸ್ಥಳೀಯ ಬಡಗಿಗಳಿಂದ ಮತ್ತೆ ಜೋಡಿಸಿದ. ಕೆತ್ತನೆಯ ಕೆಲಸದಲ್ಲಿ ತಾನೂ ಕೈಹಾಕಿದ. ಪೆಟ್ಟಿಗೆಯ ಮುಂಬದಿ ಗೋಡೆಗೆ ಹೊದಿಕೆಯಾಯಿತು. ನಿಂತಿದ್ದ ಬಾಗಿಲು ಮಲಗಿ ಮೇಜಾಯಿತು. ನೆಲಕ್ಕೆ ಹಾಸುವ ರತ್ನಗಂಬಳಿ ಚಾವಣಿಗೇರಿತು. ಊಟದ ಕೋಣೆಯಲ್ಲಿ ಗತಿಸಿದ ಹಿರಿಯರಿಗೆಂದು ಒಂದು ಕುರ್ಚಿಯನ್ನು ಮೀಸಲಿಟ್ಟು, ಬದುಕಿರುವವರು ಯಾರೂ ಅದರಲ್ಲಿ ಕೂರದಂತೆ ಸರಪಳಿ ಬಿಗಿಯಲಾಯಿತು. ಈ ಕಾರ್ಯ ವರ್ಷಗಟ್ಟಲೆ ನಡೆಯಿತು.

ಎರಡನೆಯ ಮಹಡಿಯಲ್ಲಿ ಓಕ್ ಮರದ ಕೆತ್ತನೆಗಳಿಂದ ತುಂಬಿದ ವಿಶಾಲ ಕೋಣೆಯೊಂದು ರೂಪುಗೊಂಡಿತು. ಅಲ್ಲಿ ಭವ್ಯವಾದ ಮಂಚ, ಬರೆಯಲು ಬೇಕಾದ ಸಕಲ ಅನುಕೂಲಗಳೂ ಇದ್ದವು. ಇಟಲಿಯ ಹೋರಾಟಗಾರ ಗ್ಯಾರಿಬಾಲ್ಡಿ ಬಂದು ತಂಗಲೆಂಬುದು ಹ್ಯೂಗೊನ ಆಶಯವಾಗಿತ್ತು. ಗ್ಯಾರಿಬಾಲ್ಡಿ ಬರಲೇ ಇಲ್ಲ. ಮನೆಯ ಒಡೆಯನೂ ಅಲ್ಲಿ ಮಲಗಲಿಲ್ಲ. ಆತ ಮೆಟ್ಟಿಲೇರಿ ಸೂರಿನಡಿಯ ಇಕ್ಕಟ್ಟಾದ ಸಣ್ಣ ಕೋಣೆಯಲ್ಲಿ ಮಲಗುತ್ತಿದ್ದ.

ಗಾಜಿನ ಕೋಣೆಯ ಹಲಗೆ

ಆ ಸಣ್ಣ ಕೋಣೆಗೆ ಹೊಂದಿಕೊಂಡಂತೆ 1860ರ ದಶಕದ ಆರಂಭದಲ್ಲಿ ಹ್ಯೂಗೊ ಮನೆಯ ನೆತ್ತಿಯ ಮೇಲೆ ಗಾಜಿನ ಕೋಣೆಯೊಂದನ್ನು ಕಟ್ಟಿಸಿದ. ‘ಲುಕ್ ಔಟ್’ ಎಂಬ ಇಂಗ್ಲಿಷ್ ಹೆಸರಿನಿಂದಲೇ ಅದು ಪ್ರಸಿದ್ಧ. ಕೆಳಗಿನ ಕೋಣೆಗಳ ಕತ್ತಲು, ಕೆತ್ತನೆ, ಗಂಬಳಿಗಳ ಭಾರ ಅಲ್ಲಿಲ್ಲ. ಬೆಳಕು ಎಲ್ಲೆಡೆಯಿಂದ ಒಳಬರುತ್ತದೆ. ಚಳಿಗಾಲದಲ್ಲಿ ಬೆಚ್ಚಗಿರಿಸಲು ಒಂದು ಒಲೆ, ಒರಗಲು ಒಂದು ದಿವಾನ. ಎದುರಿಗೆ ಬಂದರು, ಅದರಾಚೆ ಹರ್ಮ್, ಸಾರ್ಕ್ ದ್ವೀಪಗಳು. ಆಕಾಶ ತಿಳಿಯಾಗಿದ್ದ ದಿನ ದಿಗಂತದಲ್ಲಿ ಫ್ರಾನ್ಸಿನ ಕರಾವಳಿಯೂ ಕಾಣುತ್ತಿತ್ತು.

ಅಲ್ಲಿ ಬರೆಯುವ ಮೇಜೆಂದರೆ ಬೇಕಾದಾಗ ಬಿಡಿಸಿ, ಬೇಡವಾದಾಗ ಮಡಚಬಹುದಾದ ಒಂದು ಚಿಕ್ಕ ಹಲಗೆ, ಅಷ್ಟೇ. ಅದರ ಮೇಲೆ ಕಾಗದ, ಶಾಯಿಕುಡಿಕೆ, ಹೆಬ್ಬಾತಿನ ಗರಿಯ ಲೇಖನಿ. ಕುರ್ಚಿಯ ಅಗತ್ಯವೇ ಇಲ್ಲ. ಗಾಜಿನ ಕೋಣೆಯನ್ನು ಕಟ್ಟಿಸಲು ಹಣ ಖರ್ಚಾಯಿತೆಂಬುದು ನಿಜ. ಬರೆಯುವ ಸಾಧನಕ್ಕೆ ಮಾತ್ರ ಒಂದು ತುಂಡು ಮರವೇ ಸಾಕಾಯಿತು. ಸಾವಿರಾರು ಫ್ರಾಂಕ್ ಬೆಲೆಯ ಕೆತ್ತನೆಯ ಮೇಜನ್ನು ಇರಿಸಿಕೊಳ್ಳುವ ಶಕ್ತಿ ಆ ಹೊತ್ತಿಗೆ ಆತನಿಗಿತ್ತು. ಆದರೂ ಆರಿಸಿಕೊಂಡದ್ದು ಈ ಹಲಗೆಯನ್ನು.

ಹಾಳೆಯ ಒಂದು ಅರ್ಧವನ್ನು ಖಾಲಿ ಬಿಟ್ಟು ಇನ್ನೊಂದು ಅರ್ಧದಲ್ಲಿ ಬರೆಯುವುದು ಹ್ಯೂಗೊನ ರೂಢಿ. ತಿದ್ದುಪಡಿಗಳು, ಹೊಸದಾಗಿ ಹೊಳೆದ ಸಾಲುಗಳು ಆ ಖಾಲಿ ಜಾಗವನ್ನು ತುಂಬುತ್ತಿದ್ದವು. ಹಾಳೆಗಳನ್ನು ಅಂದವಾಗಿ ನಕಲು ಮಾಡುವ ಶ್ರಮದಲ್ಲಿ ಹೆಚ್ಚಿನ ಪಾಲು ಜೂಲಿಯೆಟ್‌ಳದು. ಆಕೆ ಅದೇ ಬೀದಿಯ ಆಸುಪಾಸಿನಲ್ಲಿಯೇ ನೆಲೆಸಿದ್ದಳು.

ದಿನಚರಿಯನ್ನು ಗಮನಿಸಿದರೆ ಇನ್ನೊಂದು ಅಂಶ ಸ್ಪಷ್ಟವಾಗುತ್ತದೆ. ಹ್ಯೂಗೊ ಇಡೀ ದಿನ ನಿಂತಿರುತ್ತಿರಲಿಲ್ಲ. ಮುಂಜಾನೆ ಎದ್ದು ಮಧ್ಯಾಹ್ನದ ಊಟದವರೆಗೆ ಬರವಣಿಗೆ. ಮಧ್ಯಾಹ್ನದ ಹೊತ್ತು ಕಡಲ ತೀರದ ಬಂಡೆಗಳ ನಡುವೆ ದೀರ್ಘ ನಡಿಗೆ, ಬೇಸಿಗೆಯಲ್ಲಿ ಈಜು. ಸಂಜೆ ಮನೆಯವರೊಡನೆ, ಅತಿಥಿಗಳೊಡನೆ ಊಟ, ಮಾತುಕತೆ. ನಿಲ್ಲುವುದು, ನಡೆಯುವುದು, ಕೂರುವುದು ಮೂರಕ್ಕೂ ಅಲ್ಲಿ ಪಾಲಿತ್ತು. 1861ರ ಆರಂಭದಲ್ಲಿ ಗಂಟಲಿನ ಬೇನೆ ಆತನನ್ನು ತೀವ್ರವಾಗಿ ಕಾಡಿತು. ಕಾದಂಬರಿಯನ್ನು ಮುಗಿಸುವ ಮೊದಲೇ ಸಾವು ಬಂದೀತೆಂಬ ಭಯ ಹುಟ್ಟಿತು. ನಮಗೆ ಚಿರಪರಿಚಿತವಾದ ಆ ಬಿಳಿಯ ಗಡ್ಡ ಬೆಳೆದದ್ದು ಗಂಟಲನ್ನು ಚಳಿಯಿಂದ ಕಾಪಾಡಿಕೊಳ್ಳಲೆಂದು. ದೇಹವನ್ನು ಸುಸ್ಥಿತಿಯಲ್ಲಿ ಇರಿಸಿಕೊಳ್ಳುವುದು ಆತನ ಪಾಲಿಗೆ ಶೋಕಿಯಾಗಿರಲಿಲ್ಲ. ಅರ್ಧಕ್ಕೆ ನಿಂತ ಕೆಲಸ ಪೂರ್ಣಗೊಳ್ಳಬೇಕಾದರೆ ದೇಹ ಉಳಿಯಲೇಬೇಕಿತ್ತು.

ಪೆಟ್ಟಿಗೆಯಿಂದ ಹೊರಬಂದ ಕಾದಂಬರಿ

1859ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಚಕ್ರವರ್ತಿ ದೇಶಭ್ರಷ್ಟರಿಗೆಲ್ಲ ಕ್ಷಮಾದಾನ ಘೋಷಿಸಿದ. ಅನೇಕರು ಮರಳಿದರು. ಹ್ಯೂಗೊ ಹೋಗಲಿಲ್ಲ. ಸ್ವಾತಂತ್ರ್ಯ ಮರಳಿದಾಗಲೇ ತಾನೂ ಮರಳುವುದಾಗಿ ಸಾರಿದ. ಈ ನಿರ್ಧಾರದ ಬೆಲೆಯನ್ನು ಆತನೊಬ್ಬನೇ ತೆರಲಿಲ್ಲ. ಹೆಂಡತಿ ಅಡೆಲ್‌ಗೆ ದ್ವೀಪದ ಏಕಾಂತ ಬೇಸರ ತಂದಿತು. ಆಕೆ ಹೆಚ್ಚು ಹೆಚ್ಚು ಕಾಲವನ್ನು ಹೊರಗೇ ಕಳೆದು, 1868ರಲ್ಲಿ ಬ್ರಸೆಲ್ಸ್‌ನಲ್ಲಿ ನಿಧನಳಾದಳು. ತಾಯಿಯ ಹೆಸರನ್ನೇ ಹೊತ್ತಿದ್ದ ಕಿರಿಯ ಮಗಳು 1863ರಲ್ಲಿ ಆಂಗ್ಲ ಸೇನಾಧಿಕಾರಿಯೊಬ್ಬನನ್ನು ಅರಸಿ ಮನೆಬಿಟ್ಟು ಕೆನಡಾದ ಹ್ಯಾಲಿಫ್ಯಾಕ್ಸ್ ಸೇರಿದಳು. ಆಕೆಯ ಮನಸ್ಸು ಮತ್ತೆ ಸ್ಥಿಮಿತಕ್ಕೆ ಬರಲೇ ಇಲ್ಲ. ಕಿರಿಯ ಮಗ ಫ್ರಾನ್ಸ್ವಾ ವಿಕ್ಟರ್ ಮಾತ್ರ ದ್ವೀಪವಾಸವನ್ನು ಸದುಪಯೋಗಪಡಿಸಿಕೊಂಡು ಷೇಕ್ಸ್‌ಪಿಯರನ ಕೃತಿಗಳನ್ನು ಫ್ರೆಂಚ್‌ಗೆ ಅನುವಾದಿಸಿದ.

1860ರ ಏಪ್ರಿಲ್‌ನಲ್ಲಿ ಹ್ಯೂಗೊ ಹನ್ನೆರಡು ವರ್ಷಗಳಿಂದ ಪೆಟ್ಟಿಗೆಯಲ್ಲಿದ್ದ ಹಸ್ತಪ್ರತಿಯನ್ನು ಹೊರತೆಗೆದ. ಒಂದು ರೊಟ್ಟಿ ಕದ್ದು ವರ್ಷಗಟ್ಟಲೆ ಸೆರೆವಾಸ ಅನುಭವಿಸಿದ ಜಾನ್ ವಾಲ್‌ಜಾನ್‌ನ ಕಥೆಗೆ ಮತ್ತೆ ಜೀವ ಬಂತು. ‘ಲೇ ಮಿಸೆರಾಬ್ಲ್’ ಇಡಿಯಾಗಿ ಗಾಜಿನ ಕೋಣೆಯಲ್ಲೇ ಹುಟ್ಟಿತೆಂಬ ನಂಬಿಕೆ ಕೆಲವರಲ್ಲಿದೆ. ಅದು ಸರಿಯಲ್ಲ. ಪ್ಯಾರಿಸ್‌ನಲ್ಲಿ ಆರಂಭವಾಗಿ, ಗರ್ನ್ಸಿಯಲ್ಲಿ ಬೆಳೆದು, 1861ರ ಜೂನ್ 30ರಂದು ಬೆಲ್ಜಿಯಂನ ವಾಟರ್ಲೂ ರಣಭೂಮಿಯ ಸಮೀಪ ಮುಗಿದ ಕೃತಿ ಅದು. ಬ್ರಸೆಲ್ಸ್‌ನ ಯುವ ಪ್ರಕಾಶಕ ಆಲ್ಬರ್ಟ್ ಲಕ್ರ್ವಾ 3 ಲಕ್ಷ ಫ್ರಾಂಕ್‌ಗಳಿಗೆ ಹಕ್ಕು ಪಡೆದ. 1862ರ ವಸಂತದಲ್ಲಿ ಮೊದಲ ಸಂಪುಟಗಳು ಹೊರಬಂದಾಗ ಪ್ಯಾರಿಸ್ಸಿನ ಪುಸ್ತಕದಂಗಡಿಗಳ ಮುಂದೆ ನೂಕುನುಗ್ಗಲಾಯಿತು. ಅದೇ ವರ್ಷದಿಂದ ಹ್ಯೂಗೊ ದ್ವೀಪದ ಬಡ ಮಕ್ಕಳನ್ನು ಮನೆಗೆ ಕರೆದು ನಿಯಮಿತವಾಗಿ ಊಟ ಹಾಕತೊಡಗಿದ.

ಗಾಜಿನ ಕೋಣೆಗೆ ನಿಜವಾಗಿ ಸೇರಿದ ಕೃತಿಗಳು ಆ ಬಳಿಕದವು. ಕಡಲಿನೊಡನೆ ಸೆಣಸುವ ಒಂಟಿ ಶ್ರಮಿಕನನ್ನು ಕುರಿತ, 1866ರಲ್ಲಿ ಪ್ರಕಟವಾದ ‘ಸಮುದ್ರದ ಶ್ರಮಿಕರು’ ಕಾದಂಬರಿಯನ್ನು ತನಗೆ ಆಶ್ರಯವಿತ್ತ ಗರ್ನ್ಸಿಗೇ ಆತ ಅರ್ಪಿಸಿದ.

ಎಪ್ಪತ್ತರಲ್ಲೂ ಅದೇ ಹಲಗೆಯ ಮುಂದೆ

1870ರಲ್ಲಿ ಪ್ರಷ್ಯಾದೊಡನೆ ನಡೆದ ಯುದ್ಧದಲ್ಲಿ ಚಕ್ರವರ್ತಿ ಸೆರೆಸಿಕ್ಕ. ಫ್ರಾನ್ಸ್ ಮತ್ತೆ ಗಣರಾಜ್ಯವಾಯಿತು. ಸೆಪ್ಟೆಂಬರ್ 5ರಂದು ಹ್ಯೂಗೊ ಪ್ಯಾರಿಸ್ಸಿಗೆ ಮರಳಿದಾಗ ನಿಲ್ದಾಣದಲ್ಲಿ ಜನಸಾಗರ ಕಾದಿತ್ತು. ಹತ್ತೊಂಬತ್ತು ವರ್ಷಗಳ ವನವಾಸ ಮುಗಿದಿತ್ತು. ಆದರೆ ಮರುವರ್ಷವೇ ಹಿರಿಯ ಮಗ ಚಾರ್ಲ್ಸ್ ಹಠಾತ್ತನೆ ತೀರಿಕೊಂಡ. 1872ರಲ್ಲಿ ಕಿರಿಯ ಮಗಳನ್ನು ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಬೇಕಾಯಿತು.

ಆ ವರ್ಷದ ಆಗಸ್ಟ್‌ನಲ್ಲಿ ಹ್ಯೂಗೊ ಯಾರ ಒತ್ತಾಯವೂ ಇಲ್ಲದೆ ಗರ್ನ್ಸಿಗೆ ಹಿಂದಿರುಗಿದ. ಆಗ ಆತನಿಗೆ 70 ವರ್ಷ. ಡಿಸೆಂಬರ್‌ನಿಂದ ಮರುವರ್ಷದ ಜೂನ್‌ವರೆಗೆ ಗಾಜಿನ ಕೋಣೆಯಲ್ಲಿ ಫ್ರೆಂಚ್ ಕ್ರಾಂತಿಯನ್ನು ಕುರಿತ ‘ತೊಂಬತ್ತಮೂರು’ ಕಾದಂಬರಿಯನ್ನು ಬರೆದು ಮುಗಿಸಿದ. ಪ್ಯಾರಿಸ್ಸಿನಲ್ಲಿ ಗೌರವ, ಅಧಿಕಾರ, ಸನ್ಮಾನಗಳೆಲ್ಲ ಇದ್ದವು. ಕೆಲಸ ನಡೆಯಲು ಮಾತ್ರ ಆ ಹಲಗೆಯೇ ಬೇಕಾಯಿತು. 1873ರ ಕೊನೆಯಲ್ಲಿ ಕಿರಿಯ ಮಗನೂ ಅಗಲಿದ. 1878ರಲ್ಲಿ ಪಾರ್ಶ್ವವಾಯು ತಗುಲಿದ ಮೇಲೆ ಬರವಣಿಗೆ ಬಹುತೇಕ ನಿಂತಿತು.

1885ರ ಮೇ 22ರಂದು, 83ರ ವಯಸ್ಸಿನಲ್ಲಿ ಹ್ಯೂಗೊ ಪ್ಯಾರಿಸ್‌ನಲ್ಲಿ ನಿಧನನಾದ. ಬಡವರಿಗೆ 50 ಸಾವಿರ ಫ್ರಾಂಕ್ ಕೊಡಬೇಕು, ಶವವನ್ನು ಬಡವರ ಶವವಾಹನದಲ್ಲೇ ಒಯ್ಯಬೇಕು ಎಂಬುದು ಆತನ ಕೊನೆಯ ಇಚ್ಛೆಯಾಗಿತ್ತು. ಜೂನ್ 1ರಂದು ಲಕ್ಷಾಂತರ ಜನರ ನಡುವೆ ಆ ಸಾದಾ ವಾಹನ ಪಾಂಥಿಯನ್ ತಲುಪಿತು. ಹಸ್ತಪ್ರತಿಗಳು ಆತನ ಉಯಿಲಿನಂತೆ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ಸೇರಿದವು. ಓತ್‌ವಿಲ್ ಹೌಸನ್ನು ವಂಶಸ್ಥರು 1927ರಲ್ಲಿ ಪ್ಯಾರಿಸ್ ನಗರಕ್ಕೆ ದಾನವಾಗಿ ಕೊಟ್ಟರು. ದುರಸ್ತಿಯ ನಂತರ 2019ರ ಏಪ್ರಿಲ್‌ನಲ್ಲಿ ಅದು ಮತ್ತೆ ಸಂದರ್ಶಕರಿಗೆ ತೆರೆದುಕೊಂಡಿತು.

ನಮ್ಮ ಮನೆಯ ಗೋಡೆಗೂ ಸಾಧ್ಯ

2020ರ ಲಾಕ್‌ಡೌನ್ ದಿನಗಳಲ್ಲಿ ನಮ್ಮ ನಗರಗಳ ಸಾವಿರಾರು ಮನೆಗಳಲ್ಲಿ ಊಟದ ಮೇಜೇ ಕಚೇರಿಯಾಯಿತು. ಬೆನ್ನುನೋವು ಅಂದಿನಿಂದ ಹಲವರ ಮನೆಯಲ್ಲೇ ಉಳಿಯಿತು. ಅಂಥವರಿಗೆ ಹ್ಯೂಗೊನ ಹಲಗೆ ದುಬಾರಿಯಲ್ಲದ ದಾರಿಯೊಂದನ್ನು ತೋರಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಎತ್ತರ. ನೇರವಾಗಿ ನಿಂತು, ಭುಜ ಸಡಿಲಬಿಟ್ಟು, ಮೊಣಕೈಯನ್ನು ಲಂಬಕೋನದಲ್ಲಿ ಮಡಚಬೇಕು. ನೆಲದಿಂದ ಮೊಣಕೈವರೆಗಿನ ಅಳತೆಯೇ ಹಲಗೆಯ ಎತ್ತರ. ಐದೂವರೆ ಅಡಿ ಎತ್ತರದವರಿಗೆ ಅದು 105 ಸೆಂಟಿಮೀಟರ್ ಆಸುಪಾಸು ಬರುತ್ತದೆ. ಸಾಮಾನ್ಯ ಮೇಜಿನ ಎತ್ತರ ಸುಮಾರು 75 ಸೆಂಟಿಮೀಟರ್. ಅಂದರೆ ಇರುವ ಮೇಜಿನ ಮೇಲೆ 30 ಸೆಂಟಿಮೀಟರ್ ಎತ್ತರದ, ಅಲುಗಾಡದ ಮರದ ಪೆಟ್ಟಿಗೆಯನ್ನಿಟ್ಟರೂ ಕೆಲಸ ನಡೆದೀತು. ಕೆಲವು ದಿನ ಹೀಗೆ ಪರೀಕ್ಷಿಸಿ, ಅಳತೆ ಒಗ್ಗಿತೆನಿಸಿದ ಮೇಲೆ ಗೋಡೆಗೆ ಹಲಗೆ ಜೋಡಿಸುವುದು ಜಾಣತನ.

ಹಲಗೆಗೆ ಮುಕ್ಕಾಲು ಇಂಚು ದಪ್ಪದ ಪ್ಲೈವುಡ್ ಅಥವಾ ಹಳೆಯ ಬಾಗಿಲಿನ ತುಂಡು ಸಾಕು. ಎರಡಡಿ ಉದ್ದ, ಒಂದೂವರೆ ಅಡಿ ಅಗಲವಿದ್ದರೆ ಲ್ಯಾಪ್‌ಟಾಪ್, ಪುಸ್ತಕ ಎರಡಕ್ಕೂ ಜಾಗ ಸಿಗುತ್ತದೆ. ಮಡಚುವ ಎರಡು ಕಬ್ಬಿಣದ ಬ್ರಾಕೆಟ್‌ಗಳು ಹಾರ್ಡ್‌ವೇರ್ ಅಂಗಡಿಗಳಲ್ಲಿ ದೊರೆಯುತ್ತವೆ. ಗೋಡೆಯ ಗಾರೆಯಲ್ಲಷ್ಟೇ ಸ್ಕ್ರೂ ನಿಂತರೆ ಸಾಲದು. ಇಟ್ಟಿಗೆಯೊಳಗೆ ರಂಧ್ರ ಕೊರೆದು ಪ್ಲಗ್ ಕೂರಿಸಬೇಕು. ಒಳಗೆ ವಿದ್ಯುತ್ ತಂತಿ ಹಾದುಹೋಗಿಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಲ್ಯಾಪ್‌ಟಾಪ್ ಇಡುವ ಮುನ್ನ ಅದಕ್ಕಿಂತ ಹೆಚ್ಚು ತೂಕದ ಪುಸ್ತಕಗಳನ್ನು ಒಂದು ದಿನ ಇಟ್ಟು ನೋಡಬೇಕು.

ಹ್ಯೂಗೊಗೆ ಇಲ್ಲದಿದ್ದ ತೊಡಕೊಂದು ನಮಗಿದೆ. ಲ್ಯಾಪ್‌ಟಾಪ್‌ನ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಸರಿಹೊಂದುವ ಎತ್ತರದಲ್ಲಿಟ್ಟರೆ ಕತ್ತು ಬಾಗುತ್ತದೆ; ಕಣ್ಣಿಗೆ ಸರಿಹೊಂದಿಸಿದರೆ ಭುಜ ಏರುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಲ್ಯಾಪ್‌ಟಾಪನ್ನು ಪುಸ್ತಕಗಳ ಮೇಲೇರಿಸಿ, ಬೇರೊಂದು ಕೀಲಿಮಣೆಯನ್ನು ಹಲಗೆಯ ಮೇಲಿಡುವುದೇ ಇದಕ್ಕೆ ಪರಿಹಾರ.

ನಿಲ್ಲುವುದನ್ನೇ ಹರಕೆಯಂತೆ ಹೊರಬೇಕಾಗಿಲ್ಲ. ದೀರ್ಘಕಾಲ ಒಂದೇ ಕಡೆ ನಿಂತರೆ ಕಾಲು ಊದುತ್ತದೆ, ಸೊಂಟ ಸೋಲುತ್ತದೆ; ರಕ್ತನಾಳ ಉಬ್ಬುವ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಆರಂಭದಲ್ಲಿ ದಿನಕ್ಕೆ ಎರಡು ಬಾರಿ ಇಪ್ಪತ್ತು ನಿಮಿಷ ಸಾಕು. ಕಾಲಡಿ ಮೆತ್ತನೆಯ ಚಾಪೆ, ಒಂದೊಂದು ಪಾದವನ್ನು ಸರದಿಯಲ್ಲಿ ಏರಿಸಿಡಲು ಒಂದು ಇಟ್ಟಿಗೆ ಇದ್ದರೆ ಆಯಾಸ ಕಡಿಮೆ. ಗರ್ನ್ಸಿಯ ಮನೆಯೊಡೆಯನೂ ಮುಂಜಾನೆ ನಿಂತದ್ದನ್ನು ಮಧ್ಯಾಹ್ನದ ನಡಿಗೆಯಿಂದಲೇ ಸರಿದೂಗಿಸಿಕೊಂಡಿದ್ದ.

ದೇಶ, ಪದವಿ, ಮಕ್ಕಳನ್ನು ಒಂದೊಂದಾಗಿ ಕಳೆದುಕೊಂಡ ವ್ಯಕ್ತಿಯ ಕೆಲಸ ನಿಲ್ಲದಂತೆ ನೋಡಿಕೊಂಡದ್ದು ಗೋಡೆಯ ಬಳಿಯ ಒಂದು ಹಲಗೆ ಮತ್ತು ಪ್ರತಿ ಬೆಳಗ್ಗೆ ಅದರ ಮುಂದೆ ಬಂದು ನಿಲ್ಲುವ ಅಭ್ಯಾಸ. ಹಲಗೆ ಒಂದು ಭಾನುವಾರದ ಕೆಲಸ. ಅಭ್ಯಾಸವನ್ನು ಮಾತ್ರ ಸೋಮವಾರದಿಂದ ದಿನವೂ ಕಟ್ಟಬೇಕು.